ಝೈಮೋಸಾನ್ ಕರಗಲ್ಲ: ಉರಿಯೂತದ ಪ್ರಯೋಗಕ್ಕೆ ಯೀಸ್ಟ್ ಪುಡಿಯನ್ನು ಹದ ಮಾಡಿಕೊಳ್ಳುವುದು ಹೇಗೆ

ಮೊದಲ ಸಲ ಮ್ಯಾಕ್ರೋಫೇಜ್‌ಗಳಿಗೆ (ಹೊರಗಿನ ಕಣಗಳನ್ನು ನುಂಗುವ ರಕ್ಷಣಾ ಕೋಶಗಳು) ಝೈಮೋಸಾನ್ ಅನ್ನುವ ಯೀಸ್ಟ್ ಪುಡಿ ಕೊಟ್ಟು, ಅವು ಹೊರಡಿಸುವ ಉರಿಯೂತದ ಪ್ರೋಟೀನ್ ಟಿಎನ್‌ಎಫ್ ಆಲ್ಫಾ ಅಳೆದಾಗ ನನ್ನ ಎಲೈಸಾ (ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಪ್ಲೇಟಿನಲ್ಲಿ ಬಣ್ಣ ಮೆಟ್ಟಿಲಿನ ಹಾಗೆ ಇಳಿದಿತ್ತು. ಕೋಶ ಬೆಳೆಸಿದ ಎಂಟು ವೆಲ್‌ಗಳಿಗೂ (ಗುಳಿಗಳಿಗೂ) ಒಂದೇ ಟ್ಯೂಬಿನಿಂದ ಒಂದೇ ಅಳತೆ ಹಾಕಿದ್ದೆ. ಆದರೂ ಮೊದಲನೆಯದು ಕಡು ಹಳದಿ, ಎಂಟನೆಯದು ಬರೀ ನೀರಿನ ಹಾಗೆ. ಪಿಪೆಟ್ ಕೆಟ್ಟಿದೆ ಅಂದುಕೊಂಡು ಅದನ್ನು ಕ್ಯಾಲಿಬ್ರೇಶನ್‌ಗೂ ಕಳಿಸಿದೆ. ಸೀನಿಯರ್ ಒಬ್ಬರು ಪ್ಲೇಟ್ ನೋಡಿ ಕೇಳಿದ್ದು ಒಂದೇ ಮಾತು: "ಪ್ರತಿ ಸಲ ತೆಗೆಯೋ ಮುಂಚೆ ಟ್ಯೂಬ್ ಅಲ್ಲಾಡಿಸಿದ್ಯಾ?"

ಇಲ್ಲ, ಅಲ್ಲಾಡಿಸಿರಲಿಲ್ಲ.

ಝೈಮೋಸಾನ್ ಕರಗುವ ವಸ್ತು ಅಲ್ಲ. ರಾಗಿ ಅಂಬಲಿಯನ್ನು ಲೋಟದಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹಿಟ್ಟು ತಳ ಸೇರುತ್ತಲ್ಲ, ಇದೂ ಹಾಗೇ. ನನ್ನ ಪಿಪೆಟ್ ತಳದಿಂದ ಎಳೆದಿದ್ದರಿಂದ ಮೊದಲ ವೆಲ್‌ಗಳಿಗೆ ಗಟ್ಟಿ, ಕೊನೆಯವಕ್ಕೆ ತೆಳು ಹೋಗಿತ್ತು. ಎಂಎಸ್ಸಿ ಪ್ರಾಜೆಕ್ಟ್‌ಗೋ ಪಿಎಚ್‌ಡಿಯ ಮೊದಲ ವರ್ಷದಲ್ಲೋ ಇದನ್ನು ಕೈಗೆತ್ತಿಕೊಳ್ಳುವ ಸುಮಾರು ಜನ ಎಡವುವುದು ಇಲ್ಲೇ. ಉರಿಯೂತ ಎಬ್ಬಿಸಲು ಎಲ್‌ಪಿಎಸ್ ಅನ್ನುವ, ಕರಗುವ ಬ್ಯಾಕ್ಟೀರಿಯಾ ವಸ್ತು ಬಳಸಿ ಅಭ್ಯಾಸ ಇರುತ್ತದೆ, ಅದೇ ಕೈಯಲ್ಲಿ ಇದನ್ನೂ ಹಾಕಿಬಿಡುತ್ತಾರೆ.

ಇದು ಏನು, ಎಲ್ಲಿಂದ ಬಂತು

ಬೇಕರಿಯಲ್ಲಿ ಬ್ರೆಡ್ ಉಬ್ಬಿಸಲು ಹಾಕುವ ಯೀಸ್ಟ್ ಇದೆಯಲ್ಲ, ಸ್ಯಾಕರೋಮೈಸಿಸ್ ಸೆರೆವಿಸಿಯೆ, ಅದರ ಕೋಶಭಿತ್ತಿಯೇ ಝೈಮೋಸಾನ್. ಯೀಸ್ಟನ್ನು ಕುದಿಸಿ, ಟ್ರಿಪ್ಸಿನ್ ಹಾಕಿ ಪ್ರೋಟೀನ್ ಅರಗಿಸಿ, ತೊಳೆದು ತೊಳೆದು ಕೊನೆಗೆ ಕರಗದೆ ಉಳಿಯುವ ಪುಡಿ. ಅದರಲ್ಲಿ ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಬೀಟಾ ಗ್ಲುಕಾನ್ ಅನ್ನುವ ಸಕ್ಕರೆ ಸರಪಳಿ ಇರುತ್ತದೆ. ಉಳಿದದ್ದು ಮ್ಯಾನಾನ್, ಪ್ರೋಟೀನ್, ಕೊಬ್ಬು, ಚೂರು ಕೈಟಿನ್. ಅಂದರೆ ಇದು ಒಂದು ಅಣು ಅಲ್ಲ, ಒಂದು ಮಿಶ್ರಣ. ಲೇಬಲ್ ಮೇಲೆ ಒಂದೇ ಹೆಸರು ಇದೆ ಅಂತ ಒಂದೇ ವಸ್ತು ಅಂದುಕೊಳ್ಳಬೇಡಿ.

ಇದರ ಹಿಂದೆ ಒಂದು ಕಥೆ ಇದೆ, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಲೂಯಿಸ್ ಪಿಲ್ಲೆಮರ್ ಅನ್ನುವ ವಿಜ್ಞಾನಿ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಝೈಮೋಸಾನ್ ಹಾಕಿ ನೋಡುತ್ತಿದ್ದರು. 37 ಡಿಗ್ರಿಯಲ್ಲಿ ಇಟ್ಟರೆ ಕಾಂಪ್ಲಿಮೆಂಟ್ ಅನ್ನುವ, ಸೋಂಕಿನ ವಿರುದ್ಧ ಹೋರಾಡುವ ರಕ್ತದ ಪ್ರೋಟೀನ್ ಗುಂಪಿನ ಸಿ3 ಖರ್ಚಾಗುತ್ತಿತ್ತು. 17 ಡಿಗ್ರಿಯಲ್ಲಿ ಇಟ್ಟರೆ ಸಿ3 ಹಾಗೇ ಉಳಿದು, ಬೇರೊಂದು ಪ್ರೋಟೀನ್ ಮಾತ್ರ ಕಣಗಳಿಗೆ ಅಂಟಿಕೊಂಡು ಹೊರಗೆ ಬರುತ್ತಿತ್ತು. ಅದಕ್ಕೆ ಪ್ರಾಪರ್ಡಿನ್ ಅಂತ ಹೆಸರಿಟ್ಟು 1954ರಲ್ಲಿ ಪ್ರಕಟಿಸಿದರು. ಆ್ಯಂಟಿಬಾಡಿ ಇಲ್ಲದೆಯೂ ಕಾಂಪ್ಲಿಮೆಂಟ್ ಶುರುವಾಗುತ್ತದೆ ಅನ್ನುವುದು ಅವರ ವಾದ. ಆಗ ಬಹಳ ಜನ ಒಪ್ಪಲಿಲ್ಲ. ಅವರು 1957ರಲ್ಲಿ ತೀರಿಕೊಂಡರು. ಇವತ್ತು ಪಠ್ಯಪುಸ್ತಕದಲ್ಲಿ ಆಲ್ಟರ್ನೇಟಿವ್ ಪಾಥ್‌ವೇ ಅಂತ ಓದುತ್ತೀವಲ್ಲ, ಅದು ಇದೇ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ, ಆಮೇಲೆ ಆರ್ಡರ್ ಹಾಕಿ

ಕೆಟಲಾಗ್ ತೆರೆದರೆ ಝೈಮೋಸಾನ್ ಎ, ಡಿಪ್ಲೀಟೆಡ್ ಝೈಮೋಸಾನ್, ಹೋಲ್ ಗ್ಲುಕಾನ್ ಪಾರ್ಟಿಕಲ್, ಕರ್ಡ್‌ಲಾನ್, ಲ್ಯಾಮಿನಾರಿನ್ ಅಂತ ಸಾಲು ಸಾಲು ಬರುತ್ತವೆ. ಯಾವುದು ಬೇಕು ಅನ್ನೋದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ.

ಸಾದಾ ಝೈಮೋಸಾನ್ ಕೋಶದ ಎರಡು ಬಾಗಿಲು, ಅಂದರೆ ಎರಡು ರಿಸೆಪ್ಟರ್, ತಟ್ಟುತ್ತದೆ. ಒಂದು ಟಿಎಲ್‌ಆರ್2. ಇನ್ನೊಂದು ಡೆಕ್ಟಿನ್-1, ಇದನ್ನು ಬೀಟಾ ಗ್ಲುಕಾನ್‌ನ ರಿಸೆಪ್ಟರ್ ಅಂತ ಗುರುತಿಸಿದ್ದು 2001ರಲ್ಲಿ. ಟಿಎಲ್‌ಆರ್2 ಕಡೆಯ ಸಂದೇಶ ಕೋಶದೊಳಗಿನ ಮೈಡಿ88 ಅನ್ನುವ ಪ್ರೋಟೀನ್ ಮೂಲಕ ಹೋಗುತ್ತದೆ, ಡೆಕ್ಟಿನ್-1ರದ್ದು ಸಿಕ್ ಮತ್ತು ಕಾರ್ಡ್9 ಅನ್ನುವ ಪ್ರೋಟೀನ್‌ಗಳ ಮೂಲಕ. ಎರಡೂ ಸೇರಿದಾಗ ಟಿಎನ್‌ಎಫ್ ಜೋರಾಗಿ ಬರುತ್ತದೆ. ಒಟ್ಟಾರೆ ಉರಿಯೂತ ಎಬ್ಬಿಸಿ ನಿಮ್ಮ ಸಸ್ಯದ ಸಾರ ಅದನ್ನು ತಗ್ಗಿಸುತ್ತಾ ನೋಡಬೇಕು ಅಂದರೆ ಇದೇ ಸಾಕು. ಡೆಕ್ಟಿನ್-1 ಮಾತ್ರ ಬೇಕು ಅಂದರೆ ಡಿಪ್ಲೀಟೆಡ್ ತಗೊಳ್ಳಿ. ಅದನ್ನು ಬಿಸಿ ಕ್ಷಾರದಲ್ಲಿ ತೊಳೆದಿರುತ್ತಾರೆ, ಟಿಎಲ್‌ಆರ್2 ಎಬ್ಬಿಸುವ ಅಂಶ ಹೊರಟುಹೋಗಿ ಮುಖ್ಯವಾಗಿ ಗ್ಲುಕಾನ್ ಉಳಿದಿರುತ್ತದೆ. ಕರ್ಡ್‌ಲಾನ್ ಯೀಸ್ಟಿನದಲ್ಲ, ಬ್ಯಾಕ್ಟೀರಿಯಾದ್ದು. ಲ್ಯಾಮಿನಾರಿನ್ ಕಡಲಕಳೆಯದ್ದು, ಅದು ಕರಗುತ್ತದೆ, ಅದನ್ನು ಡೆಕ್ಟಿನ್-1ಕ್ಕೆ ಅಡ್ಡ ಹಾಕಲು ಬಳಸುತ್ತಾರೆ.

ಇಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ಕರಗಿದ ಬೀಟಾ ಗ್ಲುಕಾನ್ ಡೆಕ್ಟಿನ್-1ಕ್ಕೆ ಅಂಟುತ್ತದೆ, ಆದರೆ ಎಬ್ಬಿಸುವುದಿಲ್ಲ. ಅದೇ ಗ್ಲುಕಾನ್ ಕಣದ ರೂಪದಲ್ಲಿದ್ದರೆ ಎಬ್ಬಿಸುತ್ತದೆ. 2011ರಲ್ಲಿ ಇದರ ಕಾರಣ ಗೊತ್ತಾಯಿತು. ಕಣ ಬಂದು ಕೋಶದ ಮೈಗೆ ಒತ್ತಿ ಕೂತಾಗ, ಸಂದೇಶವನ್ನು ಸದಾ ಆರಿಸುತ್ತಾ ಇರುವ ಸಿಡಿ45, ಸಿಡಿ148 ಅನ್ನುವ ಫಾಸ್ಫಟೇಸ್‌ಗಳು ಆ ಜಾಗದಿಂದ ಪಕ್ಕಕ್ಕೆ ಸರಿಯುತ್ತವೆ, ಆಗ ಮಾತ್ರ ಸಂದೇಶ ಒಳಗೆ ಹೋಗುತ್ತದೆ. ನಿಜವಾದ ಶಿಲೀಂಧ್ರ ಮುಂದೆ ಬಂದು ನಿಂತಿದೆಯಾ, ಇಲ್ಲಾ ಎಲ್ಲೋ ದೂರದಿಂದ ತುಣುಕು ತೇಲಿ ಬಂದಿದೆಯಾ ಅಂತ ಕೋಶ ತಿಳಿದುಕೊಳ್ಳುವುದು ಹೀಗೆ. ಹಾಗಾಗಿ ಝೈಮೋಸಾನ್ ಕರಗದೇ ಇರೋದೇ ಅದರ ಕೆಲಸ. ಡಿಎಂಎಸ್‌ಓ ಅನ್ನುವ ದ್ರಾವಕ ಹಾಕಿ ಕರಗಿಸೋಣ, ಫಿಲ್ಟರ್ ಮಾಡಿ ಸ್ಟೆರೈಲ್ ಮಾಡೋಣ ಅನ್ನುವ ಯೋಚನೆ ಬಿಟ್ಟುಬಿಡಿ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಹಾಕಿದರೆ ನಿಮ್ಮ ದುಡ್ಡು ಪೂರ್ತಿ ಫಿಲ್ಟರ್ ಮೇಲೆ ಕೂತಿರುತ್ತದೆ, ಕೆಳಗೆ ಇಳಿಯೋದು ಬರೀ ಪಿಬಿಎಸ್ (ಕೋಶಗಳಿಗೆ ಬಳಸುವ ಉಪ್ಪುನೀರಿನ ಬಫರ್).

ಹಂತ 1: ಕುದಿಸಿ, ತೊಳೆಯಿರಿ, ಬಿಡಿಸಿ

ಪುಡಿ ತೂಗುವಾಗ ಮಾಸ್ಕ್ ಹಾಕಿ. ಹಗುರವಾಗಿ ಹಾರುತ್ತದೆ, ಉರಿಯೂತ ಎಬ್ಬಿಸುವ ಪುಡಿಯನ್ನು ಸುಮ್ನೆ ಮೂಗಿಗೆ ಎಳೆದುಕೊಳ್ಳೋದು ಯಾಕೆ?

ಒಂದು ಮಿಲಿಲೀಟರ್ ಪಿಬಿಎಸ್‌ಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ, ಕುದಿಯುವ ನೀರಿನಲ್ಲಿ 30 ನಿಮಿಷ ಇಡಿ. ಟ್ಯೂಬಿನ ಮುಚ್ಚಳ ಹಾರದ ಹಾಗೆ ನೋಡಿಕೊಳ್ಳಿ. ಆರಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಹೊಸ ಪಿಬಿಎಸ್ ಹಾಕಿ. ಹೀಗೆ ಎರಡು ಮೂರು ಸಲ. ಮೊದಲ ಸಲ ಚೆಲ್ಲುವ ನೀರು ಸ್ವಲ್ಪ ಮಬ್ಬಾಗಿರಬಹುದು, ಕೊನೆಗೆ ತಿಳಿಯಾಗಬೇಕು.

ಈಗ ಒಂದು ಹನಿಯನ್ನು ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಸುಮಾರು 3 ಮೈಕ್ರಾನ್‌ನ ದುಂಡನೆ ಕಣಗಳು ಬಿಡಿಬಿಡಿಯಾಗಿ ಕಾಣಬೇಕು. ಆದರೆ ಮೊದಲ ಸಲ ಕಾಣುವುದು ದ್ರಾಕ್ಷಿ ಗೊಂಚಲು. ಒಂದು ಗೊಂಚಲಿನಲ್ಲಿ ಇಪ್ಪತ್ತು ಮೂವತ್ತು ಕಣ ಇದ್ದರೆ ಒಂದು ಕೋಶಕ್ಕೆ ಹಬ್ಬ, ಪಕ್ಕದ ಕೋಶಕ್ಕೆ ಉಪವಾಸ. ಅದಕ್ಕೇ ಶಬ್ದತರಂಗದಿಂದ ಅದುರಿಸಿ ಬಿಡಿಸುವ ಬಾತ್ ಸೋನಿಕೇಟರ್‌ನಲ್ಲಿ ಕೆಲವು ನಿಮಿಷ ಇಡಿ. ಸೋನಿಕೇಟರ್ ಇಲ್ಲದಿದ್ದರೆ 26 ಗೇಜ್ ಸೂಜಿಯಲ್ಲಿ ಹತ್ತು ಹದಿನೈದು ಸಲ ಎಳೆದು ಬಿಡಿ. ನಾನು ಎರಡೂ ಮಾಡುತ್ತೇನೆ. ಮತ್ತೆ ಸ್ಲೈಡ್ ನೋಡಿ. ಗೊಂಚಲು ಇದ್ದರೆ ಮತ್ತೆ ಬಿಡಿಸಿ. ಈ ಹತ್ತು ನಿಮಿಷ ಉಳಿಸಿದವರು ಆಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್ ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಆಮೇಲೆ ಚಿಕ್ಕ ಚಿಕ್ಕ ಅಲಿಕ್ವಾಟ್ (ಪಾಲು) ಮಾಡಿ ಮೈನಸ್ 20ರಲ್ಲಿ ಇಡಿ. ಫ್ರೀಜರ್‌ನಿಂದ ತೆಗೆದು ಹೆಪ್ಪು ಬಿಡಿಸಿದ ಅಲಿಕ್ವಾಟನ್ನು ಬಳಸುವ ಮುಂಚೆ ಮತ್ತೆ ಒಂದು ಸಲ ಸೋನಿಕೇಟ್ ಮಾಡಿ.

ಹಂತ 2: ತೂಕ ನಂಬಬೇಡಿ, ಎಣಿಸಿ

ಪೇಪರ್‌ಗಳಲ್ಲಿ ಮಿಲಿಲೀಟರ್‌ಗೆ 10ರಿಂದ 100 ಮೈಕ್ರೋಗ್ರಾಂ ಅಂತ ಸಾಮಾನ್ಯವಾಗಿ ಇರುತ್ತದೆ. ಅದರಿಂದ ಶುರು ಮಾಡಬಹುದು. ಆದರೆ ಕೋಶಕ್ಕೆ ತಲುಪುವುದು ತೂಕ ಅಲ್ಲ, ಕಣ. ತೊಳೆಯುವಾಗ ಎಷ್ಟು ಹೋಯಿತು ಅನ್ನುವುದೂ ತೂಕದಿಂದ ಗೊತ್ತಾಗಲ್ಲ. ಅದಕ್ಕೆ ಹೀಮೋಸೈಟೋಮೀಟರ್‌ನಲ್ಲಿ (ಚೌಕಗಳ ಗೆರೆ ಇರುವ ಎಣಿಕೆಯ ಸ್ಲೈಡ್) ಎಣಿಸಿ.

ಲೆಕ್ಕ ಹೀಗೆ. 100 ಪಟ್ಟು ತೆಳು ಮಾಡಿದ ಸಸ್ಪೆನ್ಷನ್‌ನಲ್ಲಿ ನಾಲ್ಕು ಮೂಲೆಯ ದೊಡ್ಡ ಚೌಕಗಳ ಸರಾಸರಿ 40 ಕಣ ಬಂತು ಅಂದುಕೊಳ್ಳಿ. 40 ಗುಣಿಸು 100, ಗುಣಿಸು 10,000 (ಒಂದು ಚೌಕದಿಂದ ಮಿಲಿಲೀಟರ್‌ಗೆ ಬರಲು). ಅಂದರೆ ಒಂದು ಮಿಲಿಲೀಟರ್‌ಗೆ 4 ಕೋಟಿ ಕಣ. ನಿಮ್ಮ ವೆಲ್‌ನಲ್ಲಿ 2 ಲಕ್ಷ ಕೋಶ ಇದೆ, ಒಂದು ಕೋಶಕ್ಕೆ 5 ಕಣ ಕೊಡಬೇಕು ಅಂದರೆ 10 ಲಕ್ಷ ಕಣ ಬೇಕು, ಅಂದರೆ 25 ಮೈಕ್ರೋಲೀಟರ್. ಇಷ್ಟೇ. 1, 5, 10 ಅನುಪಾತದಲ್ಲಿ ಒಂದು ಸಲ ಹಾಕಿ ನೋಡಿ ನಿಮ್ಮ ಕೋಶಕ್ಕೆ ಯಾವುದು ಸರಿ ಅಂತ ಆರಿಸಿಕೊಳ್ಳಿ. ಪ್ರತಿ ವೆಲ್‌ಗೂ ತೆಗೆಯುವ ಮುಂಚೆ ವೋರ್ಟೆಕ್ಸ್ ಮಾಡಿ. ಎರಡು ವೆಲ್‌ಗೆ ಒಂದು ಸಲ ಅಲ್ಲ, ಪ್ರತಿ ವೆಲ್‌ಗೂ.

ಹಂತ 3: ಎಂಡೋಟಾಕ್ಸಿನ್ ಅನ್ನುವ ಕಳ್ಳ, ಮತ್ತು ಏಡಿಯ ಗೊಂದಲ

ಎಲ್‌ಪಿಎಸ್ ಅಂದರೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್. ಇದು ಚೂರು ಸೇರಿಕೊಂಡರೂ ಮ್ಯಾಕ್ರೋಫೇಜ್ ಎದ್ದು ಕೂರುತ್ತದೆ, ನೀವು ಅದನ್ನು ಝೈಮೋಸಾನ್ ಪರಿಣಾಮ ಅಂತ ಬರೆದುಬಿಡುತ್ತೀರಿ. ಕುದಿಸಿದರೆ ಹೋಗುತ್ತೆ ಅಂತ ಕೆಲವರು ನಂಬಿದ್ದಾರೆ, ಹೋಗಲ್ಲ. ಗಾಜಿನ ಸಾಮಾನಿನಿಂದ ಅದನ್ನು ತೆಗೆಯಲು 250 ಡಿಗ್ರಿ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡುತ್ತಾರೆ, ಆ ಲೆಕ್ಕಕ್ಕೆ ಕುದಿಯುವ ನೀರು ಏನೂ ಅಲ್ಲ.

ಹಾಗಾದರೆ ಎಲ್‌ಪಿಎಸ್ ಇದೆಯಾ ಅಂತ ಪರೀಕ್ಷೆ ಮಾಡೋಣ ಅಂತ ನಾನು ಎಲ್‌ಎಎಲ್ ಕಿಟ್ ತರಿಸಿದೆ. ಅಟ್ಲಾಂಟಿಕ್ ತೀರದ ಕುದುರೆಲಾಳದ ಏಡಿಯ ನೀಲಿ ರಕ್ತದಿಂದ ಮಾಡುವ ಕಿಟ್ ಅದು. ಹಾಕಿದ ಕೂಡಲೇ ಪಾಸಿಟಿವ್, ಅದೂ ಸ್ಕೇಲ್ ದಾಟಿ. ಪುಡಿಯ ಬಾಟಲಿಯೇ ಕೆಟ್ಟಿದೆ ಅಂತ ಬದಿಗಿಟ್ಟೆ. ಹೊಸ ಲಾಟ್ ಬರಲು ಮೂರು ವಾರ ಕಾದೆ. ಅದೂ ಪಾಸಿಟಿವ್! ಆಮೇಲೆ ಕಿಟ್ಟಿನ ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದಿದಾಗ ಗೊತ್ತಾಗಿದ್ದು ಇಷ್ಟು. ಆ ಏಡಿಯ ರಕ್ತ ಹೆಪ್ಪುಗಟ್ಟಲು ಎರಡು ದಾರಿ ಇದೆ. ಫ್ಯಾಕ್ಟರ್ ಸಿ ಎಲ್‌ಪಿಎಸ್‌ಗೆ ಏಳುತ್ತದೆ, ಫ್ಯಾಕ್ಟರ್ ಜಿ ಬೀಟಾ ಗ್ಲುಕಾನ್‌ಗೆ ಏಳುತ್ತದೆ. ನಾನು ಅರ್ಧಕ್ಕಿಂತ ಜಾಸ್ತಿ ಬೀಟಾ ಗ್ಲುಕಾನ್ ಇರುವ ಪುಡಿಯನ್ನೇ ಅದಕ್ಕೆ ಸುರಿದು, ಪಾಸಿಟಿವ್ ಯಾಕೆ ಬಂತು ಅಂತ ಕೂತಿದ್ದೆ. ಅಂದಹಾಗೆ ಐಸಿಯು ರೋಗಿಗಳ ರಕ್ತದಲ್ಲಿ ಶಿಲೀಂಧ್ರ ಸೋಂಕಿನ ಸುಳಿವು ಹುಡುಕುವ ಬೀಟಾ ಗ್ಲುಕಾನ್ ಪರೀಕ್ಷೆ ಇದೇ ಫ್ಯಾಕ್ಟರ್ ಜಿ ಮೇಲೆ ನಿಂತಿದೆ. ನನ್ನ ತಲೆನೋವು ಇನ್ನೊಬ್ಬರ ರೋಗಪತ್ತೆ.

ನೀವು ಮಾಡಬೇಕಾದ್ದು: ಫ್ಯಾಕ್ಟರ್ ಜಿ ಇಲ್ಲದ ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ಕಿಟ್ ಬಳಸಿ, ಇಲ್ಲವಾದರೆ ಬೀಟಾ ಗ್ಲುಕಾನ್ ತಡೆಯುವ ಬಫರ್ ಇರುವ ಕಿಟ್ ತರಿಸಿ. ಎರಡಕ್ಕೂ ದುಡ್ಡಿಲ್ಲ ಅಂದರೆ ಪಾಲಿಮಿಕ್ಸಿನ್ ಬಿ ಇದೆ. ಅದು ಎಲ್‌ಪಿಎಸ್ ಹಿಡಿದು ಕಟ್ಟಿಹಾಕುತ್ತದೆ. ಬರೀ ಎಲ್‌ಪಿಎಸ್, ಎಲ್‌ಪಿಎಸ್ ಜೊತೆ ಪಾಲಿಮಿಕ್ಸಿನ್, ಬರೀ ಝೈಮೋಸಾನ್, ಝೈಮೋಸಾನ್ ಜೊತೆ ಪಾಲಿಮಿಕ್ಸಿನ್, ಹೀಗೆ ನಾಲ್ಕು ವೆಲ್ ಹಾಕಿ. ಎಲ್‌ಪಿಎಸ್‌ನದು ಬಿದ್ದು ಝೈಮೋಸಾನ್‌ನದು ನಿಂತರೆ ನಿಮ್ಮ ಪುಡಿ ಸರಿ ಇದೆ.

ಹಂತ 4: ಸೀರಮ್ ಹೊದಿಸಬೇಕಾ?

ಬರೀ ಝೈಮೋಸಾನ್ ಬೇರೆ, ಆಪ್ಸನೈಸ್ಡ್ ಝೈಮೋಸಾನ್ ಬೇರೆ. ಎರಡನೆಯದರ ಮೈಮೇಲೆ ಕಾಂಪ್ಲಿಮೆಂಟ್ ತುಣುಕುಗಳು ಅಂಟಿರುತ್ತವೆ, ಅದನ್ನು ಕೋಶ ಸಿಆರ್3 ರಿಸೆಪ್ಟರ್‌ನಿಂದಲೂ ಹಿಡಿಯುತ್ತದೆ. ನ್ಯೂಟ್ರೋಫಿಲ್‌ಗಳು (ಕಣ ನುಂಗುವ ಬಿಳಿ ರಕ್ತಕಣಗಳು) ಎಷ್ಟು ಆಕ್ಸಿಡೇಟಿವ್ ಬರ್ಸ್ಟ್ (ಸೂಕ್ಷ್ಮಜೀವಿ ಕೊಲ್ಲುವ ಆಮ್ಲಜನಕದ ಅಣುಗಳ ಸ್ಫೋಟ) ಮಾಡುತ್ತವೆ ಅಂತ ಲೂಮಿನಾಲ್ ಬೆಳಕಿನಲ್ಲಿ ಅಳೆಯಬೇಕು ಅಂದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ಬೆಳಕು ಏರುತ್ತದೆ. ಕ್ರಾನಿಕ್ ಗ್ರ್ಯಾನ್ಯುಲೋಮ್ಯಾಟಸ್ ಡಿಸೀಸ್ ಅನ್ನುವ ಆನುವಂಶಿಕ ಕಾಯಿಲೆ ಇರುವವರ ನ್ಯೂಟ್ರೋಫಿಲ್‌ಗಳಲ್ಲಿ ಈ ಏರಿಕೆ ಬರುವುದಿಲ್ಲ. ಕಣವನ್ನು ನುಂಗುತ್ತವೆ, ಆದರೆ ಈ ಬರ್ಸ್ಟ್ ಮಾಡುವ ಆಕ್ಸಿಡೇಸ್ ಕಿಣ್ವ ಕೆಲಸ ಮಾಡಲ್ಲ.

ಮಾಡುವುದು ಸುಲಭ. ತಾಜಾ ಸೀರಮ್‌ನಲ್ಲಿ 37 ಡಿಗ್ರಿಯಲ್ಲಿ 30 ನಿಮಿಷ ಅಲ್ಲಾಡಿಸುತ್ತಾ ಇಟ್ಟು, ತಣ್ಣನೆ ಪಿಬಿಎಸ್‌ನಲ್ಲಿ ತೊಳೆಯಿರಿ. ಸೀರಮ್‌ಗೆ ರಕ್ತ ಬೇಕು, ಅದಕ್ಕೆ ಎಥಿಕ್ಸ್ ಕಮಿಟಿ ಅನುಮತಿ ಮೊದಲೇ ತಗೊಂಡಿರಿ. ಫ್ರೆಂಡ್ ಕೈ ಚಾಚಿದ ಅಂತ ಸೂಜಿ ಚುಚ್ಚಬೇಡಿ. ಇಲ್ಲಿ ತಪ್ಪು ಆಗೋದು ಎರಡು ಕಡೆ. ಫ್ರಿಜ್ಜಿನಲ್ಲಿ ಇದೆ ಅಂತ ಹೀಟ್ ಇನ್‌ಆಕ್ಟಿವೇಟೆಡ್ ಸೀರಮ್ ಹಾಕುತ್ತಾರೆ. 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿದ್ದೇ ಕಾಂಪ್ಲಿಮೆಂಟ್ ಕೊಲ್ಲಲು, ಇನ್ನು ಹೊದಿಸಲು ಏನಿದೆ? ಇನ್ನು ಕೆಲವರು ಇಡಿಟಿಎ ಟ್ಯೂಬಿನ ಪ್ಲಾಸ್ಮಾ ತರುತ್ತಾರೆ. ಕಾಂಪ್ಲಿಮೆಂಟ್‌ಗೆ ಮೆಗ್ನೀಷಿಯಂ ಬೇಕು, ಇಡಿಟಿಎ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದೇ ಹೀಟ್ ಇನ್‌ಆಕ್ಟಿವೇಟೆಡ್ ಸೀರಮ್ ಬೇಕಾದರೆ ಕಂಟ್ರೋಲ್ ಆಗಿ ಬಳಸಿ, ತುಂಬಾ ಒಳ್ಳೆಯ ಕಂಟ್ರೋಲ್.

ಹಂತ 5: ಕೋಶ ಯಾವುದು, ಎಷ್ಟು ಹೊತ್ತು

ನಮ್ಮಲ್ಲಿ ಹೆಚ್ಚು ಲ್ಯಾಬ್‌ಗಳಲ್ಲಿ ಸಿಗೋದು ರಾ 264.7, ಇಲಿಯ ಮ್ಯಾಕ್ರೋಫೇಜ್ ಲೈನ್. ಬೆಳೆಸುವುದು ಸುಲಭ, ಆದರೆ ಅದರ ಮೇಲೆ ಡೆಕ್ಟಿನ್-1 ತೀರಾ ಕಡಿಮೆ. ಸಾದಾ ಝೈಮೋಸಾನ್‌ಗೆ ಟಿಎಲ್‌ಆರ್2 ಮೂಲಕ ಉತ್ತರ ಕೊಡುತ್ತದೆ, ಡಿಪ್ಲೀಟೆಡ್ ಕೊಟ್ಟರೆ ಸಪ್ಪಗಿರುತ್ತದೆ. ನೀವು ಪುಡಿ ಸರಿ ಇಲ್ಲ ಅಂತ ಮತ್ತೆ ಬೈಯುತ್ತೀರಿ. ಡೆಕ್ಟಿನ್-1 ಪ್ರಶ್ನೆ ಇದ್ದರೆ ಇಲಿಯ ಮೂಳೆಮಜ್ಜೆಯಿಂದ ಒಂದು ವಾರ ಬೆಳೆಸಿದ ಮ್ಯಾಕ್ರೋಫೇಜ್ ಬಳಸಿ.

ಟಿಎನ್‌ಎಫ್ ಆಲ್ಫಾಗೆ 4ರಿಂದ 6 ಗಂಟೆ ಸಾಕು. ನೈಟ್ರೈಟ್ (ಕೋಶ ಹೊರಡಿಸುವ ನೈಟ್ರಿಕ್ ಆಕ್ಸೈಡ್‌ನ ಗುರುತು) ಅಳೆಯಲು 24 ಗಂಟೆ ಬಿಡಿ. ಜೊತೆಗೆ ಐಎಲ್-10 ಕೂಡ ನೋಡಿ ಅಂತ ನನ್ನ ಸಲಹೆ. ಝೈಮೋಸಾನ್ ಉರಿಯೂತ ಎಬ್ಬಿಸುವ ಜೊತೆಗೇ ಅದನ್ನು ತಣಿಸುವ ಐಎಲ್-10 ಅನ್ನೂ ಚೆನ್ನಾಗಿ ಹೊರಡಿಸುತ್ತದೆ. ಸಾರ ಹಾಕಿದಾಗ ಟಿಎನ್‌ಎಫ್ ಇಳಿಯಿತು ಅಂತ ಕುಣಿಯುವ ಮುಂಚೆ ಐಎಲ್-10 ಏರಿದೆಯಾ, ಇಲ್ಲಾ ಕೋಶವೇ ಸತ್ತಿದೆಯಾ ಅಂತ ನೋಡಬೇಕಲ್ವಾ?

ಕಂಟ್ರೋಲ್‌ಗಳಲ್ಲಿ ಒಂದನ್ನು ಯಾರೂ ಹಾಕಲ್ಲ: 3 ಮೈಕ್ರಾನ್ ಲ್ಯಾಟೆಕ್ಸ್ ಮಣಿ. ಕೋಶ ಅದನ್ನೂ ನುಂಗುತ್ತದೆ, ಆದರೆ ಅದರ ಮೈಮೇಲೆ ಯೀಸ್ಟಿನ ಗುರುತು ಇಲ್ಲ. ನುಂಗಿದ ಕಾರಣಕ್ಕೇ ಏನಾಗುತ್ತದೆ, ಯೀಸ್ಟಿನ ಕಾರಣಕ್ಕೆ ಏನಾಗುತ್ತದೆ ಅಂತ ಬೇರೆ ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ನುಂಗುವುದನ್ನೇ ತಡೆಯಬೇಕು ಅಂದರೆ ಸೈಟೋಕಲೇಸಿನ್ ಡಿ.

ಹಂತ 6: ಅಳೆಯುವಾಗ

ಸೂಪರ್‌ನೇಟಂಟ್ (ಕೋಶಗಳ ಮೇಲಿನ ದ್ರವ) ತೆಗೆದ ಮೇಲೆ ಕಡ್ಡಾಯವಾಗಿ ಸೆಂಟ್ರಿಫ್ಯೂಜ್ ಮಾಡಿ. ನುಂಗದೆ ಉಳಿದ ಕಣಗಳು ಅದರಲ್ಲಿ ತೇಲುತ್ತಿರುತ್ತವೆ. ನೈಟ್ರೈಟನ್ನು ಬಣ್ಣದಿಂದ ಅಳೆಯುವ ಗ್ರೀಸ್ ಪರೀಕ್ಷೆಯಲ್ಲಿ 540 ನ್ಯಾನೋಮೀಟರ್ ಓದುವಾಗ ಆ ಮಬ್ಬೇ ಬಣ್ಣದ ಹಾಗೆ ಓದಿಸಿಕೊಂಡು ನೈಟ್ರೈಟ್ ಜಾಸ್ತಿ ತೋರಿಸುತ್ತದೆ. ಕೋಶ ಬದುಕಿದೆಯಾ ಅಂತ ಬಣ್ಣದಿಂದ ನೋಡುವ ಎಂಟಿಟಿ ಪರೀಕ್ಷೆಯಲ್ಲೂ ಅದೇ ಕಥೆ, ಆದ್ದರಿಂದ ಕೋಶ ಇಲ್ಲದೆ ಬರೀ ಝೈಮೋಸಾನ್ ಹಾಕಿದ ಒಂದು ವೆಲ್ ಇಟ್ಟುಕೊಂಡು ಆ ಅಂಕಿಯನ್ನು ಕಳೆಯಿರಿ.

ನುಂಗಿದ್ದನ್ನು ಎಣಿಸುವವರಿಗೆ: ಎಫ್‌ಐಟಿಸಿ ಅನ್ನುವ ಹಸಿರು ಹೊಳೆಯುವ ಬಣ್ಣ ಹಚ್ಚಿದ ಝೈಮೋಸಾನ್ ಬಳಸಿ ಕೊನೆಯಲ್ಲಿ ಟ್ರಿಪಾನ್ ಬ್ಲೂ ಹಾಕಿ. ಅದು ಜೀವಂತ ಕೋಶದ ಒಳಗೆ ಹೋಗಲ್ಲ, ಹೊರಗೆ ಅಂಟಿದ ಕಣಗಳ ಹಸಿರು ಬೆಳಕನ್ನು ಮಾತ್ರ ಆರಿಸುತ್ತದೆ. ಉಳಿದ ಹಸಿರೆಲ್ಲಾ ಹೊಟ್ಟೆಯೊಳಗಿನದು.

ಪ್ರಾಣಿಗಳ ಮೇಲೆ ಮಾಡುವವರಿಗೆ ಎರಡು ಮಾತು

ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಕ್ಯಾರಗೀನನ್ ಚುಚ್ಚಿ ಪಾದದ ಊತ ಅಳೆಯುವುದು ಹಳೆಯ ರೂಢಿ. ಝೈಮೋಸಾನ್‌ನದು ಬೇರೆ ಅನುಕೂಲ: ಇಲಿಯ ಉದರದ ಕುಳಿಯಲ್ಲಿ (ಜಠರದಲ್ಲಲ್ಲ) ಅದು ಎಬ್ಬಿಸಿದ ಉರಿಯೂತ ಏರುವುದನ್ನೂ ಇಳಿಯುವುದನ್ನೂ ನೋಡಬಹುದು. ಒಂದು ಇಲಿಗೆ 0.1ರಿಂದ 1 ಮಿಲಿಗ್ರಾಂ ಕೊಟ್ಟರೆ ಮೊದಲ ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ತುಂಬಿಕೊಂಡು, ಎರಡು ಮೂರು ದಿನಗಳಲ್ಲಿ ತಾನಾಗಿ ತಗ್ಗುತ್ತದೆ. 10 ಮಿಲಿಗ್ರಾಂ ಕೊಟ್ಟರೆ ಸುಲಭವಾಗಿ ತಗ್ಗಲ್ಲ. 1986ರಲ್ಲಿ ನೆದರ್ಲೆಂಡ್ಸ್‌ನ ಒಂದು ತಂಡ ದೊಡ್ಡ ಪ್ರಮಾಣದ ಝೈಮೋಸಾನ್ ಕೊಟ್ಟು, ಬ್ಯಾಕ್ಟೀರಿಯಾ ಇಲ್ಲದೆಯೇ ಸೆಪ್ಸಿಸ್ ಥರದ ಸ್ಥಿತಿ ಮತ್ತು ಹಲವು ಅಂಗಗಳ ವೈಫಲ್ಯ ಬರುವುದನ್ನು ತೋರಿಸಿತ್ತು. ಅಂದರೆ ಪ್ರಮಾಣ ಬದಲಾದರೆ ಪ್ರಯೋಗವೇ ಬದಲಾಗುತ್ತದೆ. ಪ್ರಾಣಿ ಎಥಿಕ್ಸ್ ಕಮಿಟಿಗೆ ಅರ್ಜಿ ಬರೆಯುವಾಗ ಯಾವ ಪ್ರಮಾಣ, ಯಾಕೆ ಅಂತ ಬಿಡಿಸಿ ಬರೆಯಿರಿ. ಅನುಮತಿ ಕೈಗೆ ಬರುವ ಮುಂಚೆ ಒಂದು ಇಲಿಯನ್ನೂ ಮುಟ್ಟಬೇಡಿ.

ನೋಟ್‌ಬುಕ್‌ನಲ್ಲಿ ಮತ್ತು ಥೀಸಿಸ್‌ನಲ್ಲಿ

"ಝೈಮೋಸಾನ್, ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ" ಅಂತ ಒಂದು ಸಾಲು ಬರೆದು ಮುಗಿಸಬೇಡಿ. ಯಾವ ಬಗೆ, ಲಾಟ್ ಸಂಖ್ಯೆ, ಕುದಿಸಿದ ದಿನ, ಸೋನಿಕೇಟ್ ಎಷ್ಟು ಹೊತ್ತು, ಮಿಲಿಲೀಟರ್‌ಗೆ ಎಷ್ಟು ಕಣ, ಕೋಶಕ್ಕೆ ಎಷ್ಟು ಕಣ, ಸೀರಮ್ ಹೊದಿಸಿತ್ತಾ ಇಲ್ಲವಾ, ಎಂಡೋಟಾಕ್ಸಿನ್ ಯಾವ ವಿಧಾನದಲ್ಲಿ ನೋಡಿದಿರಿ, ಇಷ್ಟೂ ಬೇಕು. ಸೋನಿಕೇಟ್ ಮಾಡಿದ ಮೇಲಿನ ಸ್ಲೈಡಿನದು ಒಂದು ಫೋಟೋ ತೆಗೆದು ನೋಟ್‌ಬುಕ್‌ಗೆ ಅಂಟಿಸಿ. ನನ್ನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗ್ರಾಫ್‌ಗಳನ್ನೆಲ್ಲಾ ಪಟಪಟ ತಿರುಗಿಸಿ ಆ ಫೋಟೋ ಹತ್ತಿರ ನಿಂತರು. ಒಂದು ಮೂಲೆಯಲ್ಲಿ ಉಳಿದಿದ್ದ ಗೊಂಚಲಿನ ಮೇಲೆ ಬೆರಳಿಟ್ಟು, "ಇದೊಂದನ್ನ ಯಾಕೆ ಬಿಟ್ರಿ?" ಅಂತ ಕೇಳಿದರು.